ಕೋರೆಹಲ್ಲು

ಕೋಡಿಬಾಗದ ಕಡಲಜೀವಿ ಸಂಗ್ರಹಾಲಯದಲ್ಲಿ
ಗಾಜಿನ ಜಾಡಿ ಒರೆಸುವುದು ನನ್ನ ಕೆಲಸ.
ಹನ್ನೊಂದು ವರ್ಷವಾಯಿತು. ಫಾರ್ಮಾಲಿನ್ ವಾಸನೆ
ಈಗ ಮೀನಿನ ವಾಸನೆಯಷ್ಟೇ ನನ್ನದು.

ಕಡಲಕುದುರೆಯಲ್ಲಿ ಗಂಡಿಗೇ ಬಸಿರು.
ಮೂರನೇ ಕಪಾಟು, ಎಡದಿಂದ ಎರಡನೆಯದು,
ಹೊಟ್ಟೆಯ ಚೀಲ ಇನ್ನೂ ಉಬ್ಬಿಕೊಂಡೇ ಇದೆ;
ಹೆರುವ ಮೊದಲೇ ಮದ್ದಿನ ನೀರಿಗೆ ಬಿದ್ದ ಪುಣ್ಯಾತ್ಮ.
ಬಂಡೆ ಬಿಟ್ಟು ಕದಲಲಾಗದ ಬಾರ್ನಕಲ್ಲಿಗೆ
ಮೈಗಿಂತ ಉದ್ದದ ಅಂಗ, ನೆರೆಮನೆಯ ತನಕ ಚಾಚುತ್ತದಂತೆ.
ಆ ಚೀಟಿ ಓದುವಾಗ ಹುಡುಗಿಯರು ನಗುತ್ತಾರೆ,
ಹುಡುಗರಿಗೆ ಕೆಮ್ಮು.

ಕಾಳಿಯ ಅಳಿವೆಯಲ್ಲಿ, ಇಳಿತದ ಹೊತ್ತು,
ಒಂಟಿಗೊಂಬಿನ ಏಡಿ ಕೊಂಬು ಬೀಸಿ ಬೀಸಿ ಕರೆಯುತ್ತದೆ.
ಬಂದವಳು ಅವನನ್ನು ನೋಡಿದ್ದು ಸಾಕೆಂದು
ಬಿಲದೊಳಗೆ ಹೊಕ್ಕು ಅಳೆಯುತ್ತಾಳೆ,
ಒಪ್ಪಿಗೆಯಾಗದಿದ್ದರೆ ಮುಂದಿನ ಬಿಲ.
ನನ್ನನ್ನು ನೋಡಲು ಬಂದವರಿಗೆ ಚಾ ಕೊಟ್ಟು
ತಲೆ ತಗ್ಗಿಸಿ ನಿಂತದ್ದು ನೆನಪಾಗುತ್ತದೆ.

ಸಂಶೋಧನೆಯ ಹುಡುಗಿ ಮೃಣಾಲಿ ಪೆಡ್ನೇಕರ
ಒಂದು ದಿನ ಎರಡು ಪ್ಲಾಸ್ಟರ್ ಬುರುಡೆ ತಂದಿಟ್ಟಳು.
"ಇದು ವಾನರ, ಗಂಡು. ಹೆಣ್ಣಿಗಾಗಿ ಕಾದಾಟ,
ಅದಕ್ಕೇ ಬಾಯಲ್ಲಿ ಈ ಚೂರಿ.
ಇದು ನಾವು. ಲಕ್ಷ ಲಕ್ಷ ವರ್ಷ ಸವೆದು ಇಷ್ಟೇ ಇಷ್ಟು.
ಕಚ್ಚುವುದು ಬಿಟ್ಟು ಹೊತ್ತು ತರುವುದು ಕಲಿತಲ್ಲಿ
ಜೋಡಿ ಶುರುವಾಗಿರಬಹುದು ಅಕ್ಕಾ.
ಇರಬಹುದು ಅಷ್ಟೇ. ಎಲ್ಲರೂ ಒಪ್ಪುವುದಿಲ್ಲ."

ನನ್ನ ಗಂಡ ಜಟ್ಟಿ. ಅವನ ಕೋರೆಹಲ್ಲಿಗೆ
ಬಲೆಯ ನೈಲಾನ್ ದಾರ ಕಡಿಯುವುದೊಂದೇ ಕೆಲಸ.
ಬೈತಖೋಲದಿಂದ ಹೊರಟರೆ ಹತ್ತು ದಿನ.
ಬಂದಾಗ ಅವನ ಪಾಲು ಒಂದು ನೀಲಿ ಚೀಲ,
ಬಾಯಿ ಬಿಗಿದು ಕಟ್ಟಿದ್ದು, ಮಾರಲು ಕೊಡದೆ ಉಳಿಸಿದ
ನಾಲ್ಕು ನೊಗಲಿ, ಒಂದೊಂದೂ ಗೇಣುದ್ದ.
ಅಷ್ಟು ಹಳೆಯ ಗಂಡೂ ಹೀಗೇ
ಅಂಗೈಯಲ್ಲಿ ಏನೋ ಮುಚ್ಚಿಕೊಂಡು ಬಂದನೇ?
ತಿನ್ನದೆ ತಂದದ್ದಕ್ಕೆ ಅವನಿಗೇ ನಾಚಿಕೆಯಾಯಿತೇ?

ನಾಯಿಗೆ ಕಾರ್ತಿಕವುಂಟು. ಮೀನಿಗೆ ಮಳೆಗಾಲ,
ಅದಕ್ಕೇ ಸರಕಾರ ಎರಡು ತಿಂಗಳು ಬೋಟು ಕಟ್ಟಿಸುತ್ತದೆ.
ನಮಗೆ ಋತುವಿಲ್ಲ.
ಯಾವ ರಾತ್ರಿ ಫಲವೆಂದು ನನ್ನ ಮೈ
ನನಗೂ ಹೇಳುವುದಿಲ್ಲ.
ಹೆಣ್ಣು ಗುಟ್ಟು ಬಿಡಲಿಲ್ಲ, ಗಂಡು ಕಾದು ಕೂತ,
ಕಾಯುತ್ತ ಕಾಯುತ್ತ ಅಭ್ಯಾಸವಾಯಿತು,
ಅದಕ್ಕೆ ಆಮೇಲೆ ಯಾರೋ ಹೆಸರಿಟ್ಟರು.

ಒಮ್ಮೆ ಮಲ್ಪೆಯಲ್ಲಿ ಬೋಟು ನಿಂತು ನಾಲ್ಕು ದಿನ ಫೋನಿಲ್ಲ.
ಬಂದ ಮೇಲೆ ಕೇಳಿದೆ. ದಾರ ಕಡಿಯುತ್ತಲೇ ಇದ್ದ.
ಸರಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರು ಹೇಳಿದ್ದರು,
ಎಲ್ಲಕ್ಕಿಂತ ಉದ್ದದ ಬೇರು ಕೋರೆಗೇ ಎಂದು.
ಹಲ್ಲು ಸವೆದಿದೆ. ಬೇರು ಸವೆದಿಲ್ಲ.
ನನ್ನ ಬಾಯಲ್ಲೂ ಎರಡಲ್ಲ, ನಾಲ್ಕಿವೆ;
ನಾಲಗೆ ಆಡಿಸಿ ನೋಡಿದ್ದೇನೆ.

ಮೃಣಾಲಿ ಗೋಡೆಗೆ ಚಿತ್ರ ಅಂಟಿಸಿದ್ದಾಳೆ:
ಹುಲ್ಲುಗಾವಲು, ಒಂದು ಗಂಡು, ಒಂದು ಹೆಣ್ಣು, ಕಂಕುಳಲ್ಲಿ ಕೂಸು.
"ಮುದುಕಿ ಎಲ್ಲಿ?" ಎಂದು ಕೇಳಿದೆ.
ಅವಳು ಪೆನ್ನು ಕಚ್ಚಿದಳು.
ನನ್ನ ಅತ್ತೆ ಮಾಸ್ತಮ್ಮ ನಸುಕಿಗೆ ಎದ್ದು
ಪೇಟೆಗೆ ಬುಟ್ಟಿ ಹೊತ್ತು, ಹನ್ನೊಂದಕ್ಕೆ ಮರಳಿ,
ಗಂಜಿಯ ತಿಳಿ ಹಿಸುಕಿ ಕೂಸಿಗೆ ಉಣಿಸುವುದರಿಂದ
ನಾನು ಇಲ್ಲಿ ನಿಂತು ಜಾಡಿ ಒರೆಸುತ್ತಿದ್ದೇನೆ.
ಇಬ್ಬರಿಂದ ಆಗುವ ಕೆಲಸವೇ ಇದು?
ಇಷ್ಟು ದೊಡ್ಡ ತಲೆಯ, ಇಷ್ಟು ಸಾವಕಾಶದ ಕೂಸು,
ಕರು ಹುಟ್ಟಿದ ಗಳಿಗೆಗೆ ಎದ್ದು ನಿಲ್ಲುತ್ತದೆ,
ಇದಕ್ಕೆ ಕುತ್ತಿಗೆ ನಿಲ್ಲಲಿಕ್ಕೇ ಮೂರು ತಿಂಗಳು.

ನಿನ್ನೆ ಕೂಸಿಗೆ ಮೈಬಿಸಿ. ಹದಿನೆಂಟನೇ ತಿಂಗಳು.
ಜಟ್ಟಿ ಟಾರ್ಚು ಹಿಡಿದ, ಅತ್ತೆ ತುಟಿ ಎತ್ತಿದಳು,
ಒಸಡಿನ ಮೂಲೆಯಲ್ಲಿ ಬೆಳ್ಳಗೆ ಒಂದು ಮೊನೆ.
"ಕೋರೆ," ಅಂದಳು, ಬೆರಳಿಟ್ಟಳು,
ಕಚ್ಚಿಸಿಕೊಂಡು ಬೈದಳು.
ನಾಲ್ಕು ಗಂಟೆಗೆ ಬೋಟು.
ಅವನು ಟಾರ್ಚು ಆರಿಸದೆ
ಇನ್ನೂ ಅಲ್ಲೇ ಬಗ್ಗಿಕೊಂಡಿದ್ದ.